ಕಣ್ಣು ತೆಗೆಸಿದ ಮೇಲೂ ಲಿವರ್‌ಗೆ ಹರಡಿತೇಕೆ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಕಣ್ಣಿನೊಳಗೆ ಮೆಲನೋಮ ಎಂಬ ಕ್ಯಾನ್ಸರ್ ಗಡ್ಡೆ ಬೆಳೆದು ಮೂರು ವರ್ಷದ ಹಿಂದೆ ಎಡಗಣ್ಣು ತೆಗೆಸಿದೆವು. ಈಗ ಸ್ಕ್ಯಾನ್‌ನಲ್ಲಿ ಲಿವರ್‌ನಲ್ಲಿ ಮೂರು ಗಡ್ಡೆಗಳು ಕಂಡಿವೆ. ಅವರು ಮದ್ಯ ಮುಟ್ಟಿದವರಲ್ಲ. ಅಂದು ದೃಷ್ಟಿ ಮಂಜಾದಾಗ ಕಾಫಿ ಕೊಯ್ಲು ಮುಗಿಯಲಿ ಎಂದು ಎರಡು ತಿಂಗಳು ತಡಮಾಡಿದ್ದೆವು. ಅದೇ ಕಾರಣವೇ? ಲಿವರ್ ಕಸಿ ಮಾಡಿಸಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಮೊದಲು ಆ ಎರಡು ತಿಂಗಳ ಮಾತು. ಈ ಕಾಯಿಲೆಯಲ್ಲಿ ಕ್ಯಾನ್ಸರ್ ಕೋಶಗಳು ಕಣ್ಣಿನ ಗಡ್ಡೆ ಪತ್ತೆಯಾಗುವುದಕ್ಕೆ ಬಹಳ ಮೊದಲೇ ರಕ್ತಕ್ಕೆ ಸೇರಿ, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಬೆಳೆಯುವುದೇ ಹೆಚ್ಚು. ಕಣ್ಣಿಗೆ ಸರಿಯಾದ ಚಿಕಿತ್ಸೆ ಪಡೆದವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಹೀಗಾಗುತ್ತದೆ. ದಯವಿಟ್ಟು ಆ ಭಾರವನ್ನು ಹೊರಬೇಡಿ. ಮದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ರಕ್ತದ ಮೂಲಕ ಹರಡುವ ಕ್ಯಾನ್ಸರ್. ಹರಡಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಲಿವರ್‌ನಲ್ಲಿ ಕಾಣಿಸಿಕೊಳ್ಳುತ್ತದೆ.

ಹಾಗಾಗಿ ನಿಮ್ಮ ತಾಯಿಗೆ ಬಂದಿರುವುದು ಬಹುಶಃ ಲಿವರ್ ಕ್ಯಾನ್ಸರ್ ಅಲ್ಲ, ಕಣ್ಣಿನದೇ ಇರಬೇಕು. ಬಯಾಪ್ಸಿಯಲ್ಲಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಇದು ಖಚಿತವಾಗಬೇಕು, ಏಕೆಂದರೆ ಚಿಕಿತ್ಸೆಯೇ ಬೇರೆ. ಸಾಮಾನ್ಯ ಕೀಮೋಗೆ ಇದು ಅಷ್ಟಾಗಿ ಬಗ್ಗುವುದಿಲ್ಲ. ಚರ್ಮದ ಮೆಲನೋಮಕ್ಕೆ ಕೊಡುವ, ಬಿಆರ್‌ಎಎಫ್ ಎಂಬ ಜೀನ್‌ನ ದೋಷವನ್ನು ಗುರಿಯಾಗಿಸುವ ಮಾತ್ರೆಗಳೂ ನಾಟುವುದಿಲ್ಲ. ಕಸಿ ಬೇಡ: ಕಸಿಯ ನಂತರ ಕೊಡುವ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಗಳ ನಡುವೆ ಅಳಿದುಳಿದ ಕೋಶಗಳು ಮತ್ತೆ ಹೆಚ್ಚುವ ಭಯವಿದೆ.

ಮೂರೇ ಗಡ್ಡೆಗಳಿವೆಯೇ ಎಂಬುದು ನನಗೆ ಮುಖ್ಯ. ಸಿಟಿ ಸ್ಕ್ಯಾನ್‌ಗೆ ಕಾಣದ ಸಣ್ಣವು ಎಂಆರ್‌ಐನಲ್ಲಿ ಕಾಣಬಹುದು. ನಿಜಕ್ಕೂ ಮೂರೇ ಆಗಿದ್ದು ಕೈಗೆಟಕುವ ಜಾಗದಲ್ಲಿದ್ದರೆ ಶಸ್ತ್ರಚಿಕಿತ್ಸೆ ಅಥವಾ ಸೂಜಿಯ ಶಾಖದಿಂದ ಸುಡುವ ವಿಧಾನವಿದೆ. ಹೆಚ್ಚಿದ್ದರೆ ಲಿವರ್‌ನ ಅಪಧಮನಿಗೆ ನೇರವಾಗಿ ಕೀಮೋ ಅಥವಾ ವಿಕಿರಣ ಸೂಸುವ ಸೂಕ್ಷ್ಮ ಮಣಿಗಳನ್ನು ಹಾಯಿಸುತ್ತಾರೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿಯೂ ಇದೆ, ಸ್ಪಂದಿಸುವವರು ಕಡಿಮೆ.

2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಬೆಂಟಾಫಸ್ಪ್ ಈ ಕಾಯಿಲೆಯಲ್ಲಿ ಆಯಸ್ಸು ಹೆಚ್ಚಿಸಿದ ಔಷಧ. ಪ್ರಯೋಗದಲ್ಲಿ ಒಂದು ವರ್ಷದ ನಂತರ ಇದನ್ನು ಪಡೆದವರಲ್ಲಿ ಶೇ 73ರಷ್ಟು, ಬೇರೆ ಔಷಧ ಪಡೆದವರಲ್ಲಿ ಶೇ 59ರಷ್ಟು ಮಂದಿ ಬದುಕಿದ್ದರು. ಆದರೆ ರಕ್ತಪರೀಕ್ಷೆಯಲ್ಲಿ ಎಚ್‌ಎಲ್‌ಎ-ಎ*02:01 ಎಂಬ ಆನುವಂಶಿಕ ಗುರುತು ಇದ್ದವರಿಗೆ ಮಾತ್ರ ಇದು ಕೆಲಸ ಮಾಡುತ್ತದೆ. ಭಾರತೀಯರಲ್ಲಿ ಅದು ಯುರೋಪಿನವರಷ್ಟು ಸಾಮಾನ್ಯವಲ್ಲ. ಪರೀಕ್ಷೆ ಮಾಡಿಸಿ, ಔಷಧದ ಲಭ್ಯತೆ ಮತ್ತು ವೆಚ್ಚವನ್ನು ಕೇಳಿ.

ಈ ಚಿಕಿತ್ಸೆಗಳು ಬಹುತೇಕ ಗುಣಪಡಿಸುವುದಿಲ್ಲ, ಕಾಲವನ್ನು ಗಳಿಸಿಕೊಡುತ್ತವೆ. ನೋವು, ಸುಸ್ತು ತಗ್ಗಿಸುವ ಉಪಶಾಮಕ ಆರೈಕೆ ಈಗಿನಿಂದಲೇ ಜೊತೆಗಿರಲಿ. ಅದು ಕೈಚೆಲ್ಲಿದವರ ಚಿಕಿತ್ಸೆಯಲ್ಲ. ಬೆಂಗಳೂರಿನ ಕಿದ್ವಾಯಿಯಂತಹ ದೊಡ್ಡ ಕ್ಯಾನ್ಸರ್ ಕೇಂದ್ರದಲ್ಲಿ ಒಮ್ಮೆ ತೋರಿಸಿ. ಅಷ್ಟು ದೂರ ಹೋಗುವ ಮೊದಲು, ಕಣ್ಣು ತೆಗೆದ ಆಸ್ಪತ್ರೆಯಿಂದ ಗಡ್ಡೆಯ ಸ್ಲೈಡ್, ಬ್ಲಾಕ್ (ಮೇಣದಲ್ಲಿ ಕಾದಿಟ್ಟ ಗಡ್ಡೆಯ ತುಣುಕು) ಮತ್ತು ವರದಿಯನ್ನು ಕೇಳಿ ಪಡೆದುಕೊಳ್ಳಿ.