ಪುಟ ತುಂಬಿತು, ಮನಸ್ಸು ಹಗುರಾಗಲಿಲ್ಲ

ಪ್ರಶ್ನೆ: ಮೇಡಂ, ನಾನು ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ದಿನಾ ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ಮಳೆ ಲೆಕ್ಕ ಬರೆಯುವುದು ನನ್ನ ಕೆಲಸ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಬರೆದರೆ ಮನಸ್ಸು ಹಗುರಾಗುತ್ತದೆ ಅಂತ ಯಾರೋ ಹೇಳಿದರು. ಅವತ್ತಿನಿಂದ ರಾತ್ರಿ ಊಟ ಆದಮೇಲೆ ಒಂದು ಪುಟ ಬರೆಯುತ್ತಿದ್ದೇನೆ. ಮೊನ್ನೆ ಹಳೇ ನೋಟ್‌ಬುಕ್ ತೆಗೆದು ನೋಡಿದರೆ ಎಲ್ಲ ಪುಟದಲ್ಲೂ ಒಂದೇ ಮಾತು. ಅಪ್ಪ ಇಲ್ಲ, ತುಂಬಾ ದುಃಖ ಆಗುತ್ತಿದೆ, ಏನೂ ಬೇಡ ಅನಿಸುತ್ತಿದೆ. "ಅದನ್ನೇ ಬರೆದು ಬರೆದು ಗಾಯ ಕೆರೆದುಕೊಳ್ಳುತ್ತಿದ್ದೀರಿ, ಸುಮ್ನೆ ಮಲಗಿ" ಅನ್ನುತ್ತಾಳೆ ಹೆಂಡತಿ. ಕವನ ಬರೆದರೆ ಬೇರೆ ಥರ ಆಗುತ್ತಾ? ನನಗೆ ಕವನ ಬರೆದು ಅಭ್ಯಾಸವಿಲ್ಲ.

ಉತ್ತರ: ನಿಮ್ಮ ಮನೆಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆದರೆ ಬರೆಯುವುದನ್ನು ಬಿಡಬೇಡಿ, ಬರೆಯುವ ರೀತಿ ಬದಲಿಸಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ ಇದನ್ನೇ ಪರೀಕ್ಷೆ ಮಾಡಿ ನೋಡಿದವರು. 1986ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ಹುಡುಗ ಹುಡುಗಿಯರು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ತಮಗೆ ತುಂಬಾ ನೋವು ಕೊಟ್ಟ ಸಂಗತಿ ಬರೆದರು, ಉಳಿದವರು ಸಾಮಾನ್ಯ ವಿಷಯ ಬರೆದರು. ನೋವು ಬರೆದವರಿಗೆ ಬರೆದ ತಕ್ಷಣ ಬೇಜಾರು ಜಾಸ್ತಿಯೇ ಆಯಿತು. ಇದು ನೆನಪಿರಲಿ, ನಿಮಗೂ ಹಾಗೇ ಆಗಬಹುದು. ಆದರೆ ಮುಂದಿನ ತಿಂಗಳುಗಳಲ್ಲಿ, ಏನಾಯಿತು ಅನ್ನುವುದನ್ನೂ ಏನನಿಸಿತು ಅನ್ನುವುದನ್ನೂ ಸೇರಿಸಿ ಬರೆದವರು ಕಾಲೇಜಿನ ವೈದ್ಯರ ಹತ್ತಿರ ಹೋದದ್ದು ಕಡಿಮೆ. ಆಮೇಲೆ ಪೆನ್‌ಬೇಕರ್ ಇಂಥ ಬರಹಗಳ ಪದಗಳನ್ನೇ ಎಣಿಸಿ ನೋಡಿದರು. ಮೊದಲ ದಿನದಿಂದ ಕೊನೆಯ ದಿನಕ್ಕೆ "ಯಾಕೆಂದರೆ", "ಈಗ ಅರ್ಥವಾಯಿತು" ಅನ್ನುವಂಥ ಮಾತು ಯಾರ ಬರಹದಲ್ಲಿ ಹೆಚ್ಚುತ್ತಾ ಹೋಯಿತೋ ಅವರಿಗೆ ಉಪಯೋಗ ಜಾಸ್ತಿ ಆಗಿತ್ತು. ಅಂದರೆ ಬರಹ ನಿಂತ ಜಾಗದಿಂದ ಸ್ವಲ್ಪ ಕದಲಬೇಕು. ನಿಮ್ಮದು ಎರಡು ವರ್ಷದಿಂದ ಒಂದೇ ಕಡೆ ನಿಂತಿದೆ.

ಅದು ಯಾಕೆ ನಿಂತಿದೆ ಅಂತ ನನಗೆ ಅನಿಸುವುದನ್ನು ಹೇಳುತ್ತೇನೆ. ನಿಮ್ಮ ಮಳೆ ಪುಸ್ತಕ ತೆಗೆದು ನೋಡಿ. ಅದರಲ್ಲಿ ನೀವು "ಇವತ್ತು ಜೋರು ಮಳೆ" ಅಂತ ಬರೆಯುವುದಿಲ್ಲ, 1 ಇಂಚು 20 ಸೆಂಟ್ ಅಂತ ಬರೆಯುತ್ತೀರಿ. ಹೂಮಳೆ ಯಾವತ್ತು ಬಂತು, ಎಷ್ಟು ಬಂತು, ಅದಾಗಿ ಎಂಟು ಹತ್ತು ದಿನಕ್ಕೆ ಹೂ ಅರಳಿತಾ, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಸಿಕ್ಕಿತಾ, ಎಲ್ಲದಕ್ಕೂ ಲೆಕ್ಕ ಇರುತ್ತದೆ. ಅಪ್ಪನ ವಿಷಯಕ್ಕೆ ಬಂದಾಗ ಮಾತ್ರ ದುಃಖ ಅಂತ ಒಂದೇ ಪದ. ಅದು "ಜೋರು ಮಳೆ" ಅಂದ ಹಾಗೆ. ಎಲ್ಲಿ ಬಿತ್ತು, ಯಾವುದರ ಮೇಲೆ ಬಿತ್ತು, ಏನು ಕೊಚ್ಚಿಕೊಂಡು ಹೋಯಿತು ಅಂತ ಅದರಿಂದ ಗೊತ್ತಾಗುವುದಿಲ್ಲ.

ಕವನ ಉಪಯೋಗಕ್ಕೆ ಬರುವುದು ಇಲ್ಲಿ. ಪುಟ ತುಂಬಾ ಜಾಗ ಇದ್ದಾಗ ಹೇಳಿದ್ದನ್ನೇ ಹೇಳುತ್ತಾ ಹೋಗಬಹುದು. ಆರೇ ಸಾಲು ಅಂದುಕೊಂಡರೆ ಯಾವುದು ಇರಲಿ, ಯಾವುದು ಬೇಡ ಅಂತ ಆರಿಸಲೇಬೇಕು. ನೀವು ಮರಗಸಿ ಮಾಡಿಸುತ್ತೀರಲ್ವಾ, ನೆರಳಿನ ಮರದ ಕೊಂಬೆ ಇಳಿಸಿದ ಮೇಲೆ ತಾನೇ ಕೆಳಗಿನ ಗಿಡ ಹೇಗಿದೆ ಅಂತ ಕಾಣುವುದು.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನಮ್ಮದು ಹಾಸನ. ಹಾಸನಾಂಬೆ ದೇವಸ್ಥಾನದ ಬಾಗಿಲು ತೆಗೆಯುವುದು ವರ್ಷಕ್ಕೊಂದು ಸಲ, ದೀಪಾವಳಿ ಆಸುಪಾಸಿನ ಕೆಲವೇ ದಿನ. ಅಮ್ಮ ಒಂದು ವರ್ಷವೂ ತಪ್ಪಿಸಿದವರಲ್ಲ. ಅವರು ಹೋದಮೇಲೆ ನಾನು ಒಬ್ಬಳೇ ಸಾಲಿನಲ್ಲಿ ನಿಂತೆ. ಮನೆಗೆ ಬಂದು ಬರೆಯಲು ಕೂತಾಗ "ಅಮ್ಮಾ ನೀನಿಲ್ಲ" ಅಂತಲೇ ಶುರು ಮಾಡಿದ್ದೆ. ಅದನ್ನು ಹೊಡೆದು ಹಾಕಿ ಕಣ್ಣಿಗೆ ಕಂಡದ್ದನ್ನು ಬರೆದೆ.

ಮುಂದೆ ನಿಂತವಳ ಸೆರಗು
ಅಮ್ಮನ ಸೀರೆಯದೇ ಬಣ್ಣ.
ಚಪ್ಪಲಿ ಕಾಯಲು ಪ್ರತಿ ವರ್ಷ
ನನ್ನನ್ನೇ ಯಾಕೆ ಬಿಟ್ಟು ಹೋಗುತ್ತಿದ್ದೆ?

ಕೊನೆಯ ಎರಡು ಸಾಲು ಎಲ್ಲಿಂದ ಬಂತೋ! ಚಿಕ್ಕವಳಿದ್ದಾಗ ಅಮ್ಮ ತಮ್ಮನನ್ನು ಒಳಗೆ ಕರೆದುಕೊಂಡು ಹೋಗುತ್ತಿದ್ದರು, ನಾನು ಹೊರಗೆ ಚಪ್ಪಲಿಗಳ ಹತ್ತಿರ ಕೂರುತ್ತಿದ್ದೆ. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ ಅಂತ ಬರೆಯುವ ತನಕ ಗೊತ್ತೇ ಇರಲಿಲ್ಲ. ಮಾರನೇ ದಿನ "ಯಾಕೆಂದರೆ" ಅಂತ ಶುರು ಮಾಡಿ ಒಂದು ಪುಟ ಬರೆದೆ. ಯಾಕೆಂದರೆ ತಮ್ಮ ಒಂದು ಕಡೆ ನಿಲ್ಲುತ್ತಿರಲಿಲ್ಲ, ಆ ಜನದಲ್ಲಿ ಕೈ ಬಿಟ್ಟರೆ ಕಳೆದೇ ಹೋಗುತ್ತಿದ್ದ. ನಾನು ಹೇಳಿದ ಕಡೆ ಕೂತಿರುತ್ತೇನೆ ಅಂತ ಅಮ್ಮನಿಗೆ ನಂಬಿಕೆ ಇತ್ತು. ಸಿಟ್ಟು ಪೂರ್ತಿ ಹೋಯಿತಾ ಅಂದರೆ ಇಲ್ಲ. ಆದರೆ ಅಮ್ಮನನ್ನು ನೆನೆದಾಗ ಎದೆ ಯಾಕೆ ಅಷ್ಟು ಬಿಗಿಯುತ್ತಿತ್ತು ಅಂತ ಈಗ ಗೊತ್ತು. ಅದು ಬರೀ ದುಃಖ ಆಗಿರಲಿಲ್ಲ.

ನೀವೂ ಹೀಗೆ ಮಾಡಿ ನೋಡಿ. ಈ ವಾರ ನಾಲ್ಕೇ ದಿನ ಬರೆಯಿರಿ, 15 ನಿಮಿಷ ಸಾಕು. ಅಪ್ಪನ ಒಂದು ವಸ್ತುವಿನಿಂದ ಶುರು ಮಾಡಿ, ಅವರ ಕೊಡೆಯೋ ಕತ್ತಿಯೋ ಯಾವುದಾದರೂ ಸರಿ. ದುಃಖ, ನೋವು, ನೆನಪು ಅನ್ನುವ ಪದಗಳು ಬೇಡ. ಬರೆದದ್ದರಲ್ಲಿ "ಅರೆ, ಇದನ್ನು ನಾನು ಯಾಕೆ ಬರೆದೆ" ಅನಿಸುವ ಒಂದು ಸಾಲು ಸಿಕ್ಕರೆ ಅದಕ್ಕೆ ಗೆರೆ ಎಳೆಯಿರಿ. ಮರುದಿನ ಆ ಸಾಲಿನಿಂದಲೇ ಶುರು ಮಾಡಿ ಆರು ಸಾಲು ಬರೆಯಿರಿ. ಚೆನ್ನಾಗಿದೆಯಾ ಅಂತ ನೋಡಬೇಡಿ, ನಿಜ ಇದೆಯಾ ಅಂತ ಮಾತ್ರ ನೋಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. "ಏನೂ ಬೇಡ ಅನಿಸುತ್ತಿದೆ" ಅಂತ ಬರೆದಿದ್ದೀರಿ. ಅದು ದಿನವೂ ಅನಿಸುತ್ತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ನೋಟ್‌ಬುಕ್ ಒಂದನ್ನೇ ನಂಬಿ ಕೂರುವುದು ಬೇಡ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋಗುವಾಗ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಅಕ್ಕಾ, ನಾನು ಚಿಕ್ಕಮಗಳೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದೇನೆ. ಏನಾದರೂ ತಲೆ ಕೆಟ್ಟರೆ ಫೋನಿನಲ್ಲಿ ಕವನ ಬರೆದು ತಕ್ಷಣ ಸ್ಟೇಟಸ್ ಹಾಕುತ್ತಿದ್ದೆ. ಪ್ರಾಸ ಇಲ್ಲ, ಛಂದಸ್ಸು ಇಲ್ಲ, ಇದು ಕವನವೇ ಅಲ್ಲ ಅಂತ ಕ್ಲಾಸಿನವರು ಹೇಳಿದ ಮೇಲೆ ಬರೆಯಲು ಕೈಯೇ ಏಳುತ್ತಿಲ್ಲ.

ಉತ್ತರ: ಪ್ರಾಸದ ಚಿಂತೆ ಬಿಡಮ್ಮ. 12ನೇ ಶತಮಾನದಲ್ಲೇ ನಮ್ಮ ವಚನಕಾರರು ಗೊತ್ತಾದ ಛಂದಸ್ಸಿನ ಕಟ್ಟು ಇಲ್ಲದೆ ಬರೆದರು. ಕುಲಕಸುಬು ಮಾಡಿಕೊಂಡಿದ್ದ ಎಷ್ಟೋ ಹೆಣ್ಣು ಗಂಡು ಹಾಗೆ ಬರೆದವರು. ಅವರಿಂದ ನೀನು ಕಲಿಯಬೇಕಾದ್ದು ಇನ್ನೊಂದಿದೆ, ಅದು ಅಂಕಿತ, ಅಂದರೆ ವಚನದ ಕೊನೆಯಲ್ಲಿ ಕರೆಯುವ ದೇವರ ಹೆಸರು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನಿಗೆ ಹೇಳುತ್ತಾರೆ, ಅಲ್ಲಮಪ್ರಭು ಗುಹೇಶ್ವರನಿಗೆ ಹೇಳುತ್ತಾರೆ. ಯಾರ ಮುಂದೆ ಮಾತಾಡುತ್ತಿದ್ದೇನೆ ಅನ್ನುವುದು ಅವರಿಗೆ ಸ್ಪಷ್ಟ ಇತ್ತು. ನೀನು ಯಾರಿಗೆ ಬರೆಯುತ್ತಿದ್ದೆ ಹೇಳು? ಸ್ಟೇಟಸ್ ನೋಡುವ ಇನ್ನೂರು ಜನಕ್ಕೆ. ಅಷ್ಟು ಜನ ನೋಡುತ್ತಾರೆ ಅಂತ ಗೊತ್ತಿದ್ದಾಗ ನಮಗೇ ತಿಳಿಯದ ಹಾಗೆ ಮಾತನ್ನು ತಿದ್ದಿಬಿಡುತ್ತೇವೆ. ನೋವು ಚಂದ ಕಾಣಲಿ ಅಂತ ನೋಡುತ್ತೇವೆ, ತಪ್ಪೆಲ್ಲ ಎದುರಿನವರದೇ ಆಗಿಬಿಡುತ್ತದೆ.

ಅದಕ್ಕೇ ಒಬ್ಬರನ್ನು ಆರಿಸಿಕೋ. ಅಜ್ಜಿ ಆಗಬಹುದು, ಮಾತು ಬಿಟ್ಟ ಗೆಳತಿ ಆಗಬಹುದು, ಹತ್ತು ವರ್ಷ ಕಳೆದ ಮೇಲಿನ ನೀನೇ ಆಗಬಹುದು. ಒಂದೇ ವಿಷಯವನ್ನು ಇಬ್ಬರಿಗೆ ಬೇರೆ ಬೇರೆಯಾಗಿ ಬರೆದು ನೋಡು, ಒಬ್ಬರಿಗೆ ಹೇಳಿ ಇನ್ನೊಬ್ಬರಿಂದ ಮುಚ್ಚಿಟ್ಟದ್ದು ಏನು ಅಂತ ಕಾಣುತ್ತದೆ. ಬರೆದದ್ದನ್ನು ಒಂದು ವಾರ ಯಾರಿಗೂ ತೋರಿಸಬೇಡ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನ ಸುಮಾರು ಕ್ರಿ.ಶ. 450ರದು ಅನ್ನುತ್ತಾರೆ, ಬರೀ 16 ಸಾಲು. ಅದನ್ನು ಎಲ್ಲರೂ ಓದಲಿ, ಉಳಿಯಲಿ ಅಂತಲೇ ಕಲ್ಲಿನಲ್ಲಿ ಕೆತ್ತಿದ್ದು. ನಿನ್ನ ಸಾಲು ಉಳಿಯಬೇಕಾಗಿಲ್ಲ. ಇವತ್ತು ಬರೆದು ನಾಳೆ ಹರಿದರೂ ಅದರ ಕೆಲಸ ಆಗಿರುತ್ತದೆ. ಮುಂದೆ ಬೇರೆಯವರು ಓದಲಿ ಅನಿಸಿದರೆ ಆಗ ಛಂದಸ್ಸು ಕಲಿ, ಹಳಬರನ್ನು ಓದು. ಅದೂ ತುಂಬಾ ಚೆಂದದ ಕಲಿಕೆ.

ಪ್ರಶ್ನೆ: ಪಿಯುಸಿ ಓದುವ ಮಗಳು ಏನೋ ಬರೆದು ದಿಂಬಿನ ಕೆಳಗೆ ಇಡುತ್ತಾಳೆ. ಈಚೆಗೆ ಮಾತೂ ಕಡಿಮೆ. ತೆಗೆದು ಓದಿದರೆ ತಪ್ಪಾ? (ಸಕಲೇಶಪುರದ ಒಬ್ಬ ತಾಯಿ)

ಉತ್ತರ: ಓದಬೇಡಿ. ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿರುವುದು ಸದ್ಯಕ್ಕೆ ಅದರ ಜೊತೆ ಮಾತ್ರ, ಅದನ್ನೂ ಕಳೆದುಕೊಂಡರೆ ಎಲ್ಲಿಗೆ ಹೋಗಬೇಕು? ಭಯ ಆಗುತ್ತಿದ್ದರೆ ಅವಳನ್ನೇ ಕೇಳಿ, ಮುಖ ನೋಡಿ ಕೇಳಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿದರೂ ತಪ್ಪಿಲ್ಲ, ಕೇಳಿದ್ದಕ್ಕೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಅವಳನ್ನು ಒಬ್ಬಳೇ ಬಿಡಬೇಡಿ, ಮೇಲೆ ಕೊಟ್ಟ ನಂಬರಿಗೆ ಆಗಲೇ ಫೋನ್ ಮಾಡಿ. ಈಗಾಗಲೇ ಓದಿಬಿಟ್ಟಿದ್ದರೆ ಮುಚ್ಚಿಡಬೇಡಿ. "ಭಯಕ್ಕೆ ಓದಿದೆ ಮಗಳೇ, ತಪ್ಪಾಯಿತು" ಅಂತ ಹೇಳಿ. ಅವಳು ಕೂಗಾಡಿದರೆ ಕೂಗಾಡಲಿ, ನೀವು ಎದ್ದು ಹೋಗದೆ ಅಲ್ಲೇ ಕೂತಿರಿ.