ಗೇನ್ ಇಳಿಸಿದರೆ ಗಿಟಾರ್ ನಾದಕ್ಕೆ ತೂಕ ಬರುತ್ತದೆ
ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇರುವ ಎಂಜಿನಿಯರಿಂಗ್ ವಿದ್ಯಾರ್ಥಿ. ಗೆಳೆಯರ ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುತ್ತೇನೆ. ಎರಡು ಇಎಲ್34 ಟ್ಯೂಬ್‌ಗಳಿರುವ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳು) 50 ವಾಟ್‌ನ ಹಳೆಯ ಆಂಪ್ಲಿಫೈಯರನ್ನು, 12 ಇಂಚಿನ ಎರಡು ಸ್ಪೀಕರ್‌ಗಳ ಕ್ಯಾಬಿನೆಟ್ ಸಮೇತ ಕಳೆದ ವರ್ಷ ಕೊಂಡೆ. ಗೇನ್ 10, ಬೇಸ್ 9, ಮಿಡ್ 1, ಟ್ರೆಬಲ್ 8 ಇಟ್ಟುಕೊಂಡು ಮನೆಯಲ್ಲಿ ನುಡಿಸುವಾಗ ನಾದ ಬಹಳ ಹೆವಿಯಾಗಿ ಕೇಳಿಸುತ್ತದೆ. ಆದರೆ ಮಾಸ್ಟರ್ ವಾಲ್ಯೂಮನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸದ್ದು ಒಮ್ಮೆಲೆ ನೆಗೆದು, ಕೆಳಮನೆಯ ಅಜ್ಜ ಬಂದು ಬಾಗಿಲು ಬಡಿಯುತ್ತಾರೆ. ಕಾಲೇಜಿನ ವೇದಿಕೆಯ ಮೇಲೆ ಮಾತ್ರ ಇದೇ ನಾದ ಡ್ರಮ್ ಮತ್ತು ಬೇಸ್ ಗಿಟಾರ್‌ಗಳ ನಡುವೆ ಪೂರ್ತಿ ಕಾಣೆಯಾಯಿತು. 100 ವಾಟ್‌ನ ಆಂಪ್ಲಿಫೈಯರ್ ಕೊಂಡರೆ ಸರಿಯಾದೀತೇ, ಸರ್?

ಉತ್ತರ: 100 ವಾಟ್‌ನ ಆಂಪ್ಲಿಫೈಯರ್ ಕೊಳ್ಳುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಶಕ್ತಿಯು 50 ವಾಟ್‌ನಿಂದ 100 ವಾಟ್‌ಗೆ ಇಮ್ಮಡಿಯಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ನಮ್ಮ ಕಿವಿಗೆ ಸದ್ದು ಎರಡು ಪಟ್ಟಾಯಿತು ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಅದೇ ಸ್ಪೀಕರ್‌ಗಳಿಗೆ ಜೋಡಿಸಿದ 5 ವಾಟ್‌ನ ಪುಟ್ಟ ಆಂಪ್ಲಿಫೈಯರ್ ಕೂಡ ನಿಮ್ಮದರ ಸುಮಾರು ಅರ್ಧದಷ್ಟು ಜೋರಾಗಿ ಕೇಳಿಸುತ್ತದೆ. ವೇದಿಕೆಯ ಮೇಲೆ ನಿಮ್ಮ ಗಿಟಾರ್ ಕಾಣೆಯಾದದ್ದು ಶಕ್ತಿ ಸಾಲದೆ ಅಲ್ಲ. ಗೇನ್ ಅತಿಯಾದದ್ದರಿಂದ ಮತ್ತು ಮಿಡ್, ಅಂದರೆ ನಡುವಿನ ಸ್ವರಗಳು, ಇಲ್ಲವಾದದ್ದರಿಂದ.

ಗೇನ್ ಮತ್ತು ಮಾಸ್ಟರ್ ಎರಡೂ ಸದ್ದನ್ನು ಏರಿಸುವಂತೆ ಕಂಡರೂ ಅವುಗಳ ಕೆಲಸ ಬೇರೆ ಬೇರೆ. ಗಿಟಾರ್ ಪಿಕಪ್‌ನಿಂದ ಬರುವ ಕ್ಷೀಣ ಸಂಕೇತವನ್ನು ಮೊದಲು ಹಿಗ್ಗಿಸುವುದು 12ಎಎಕ್ಸ್7 ಎಂಬ ಸಣ್ಣ ಟ್ಯೂಬ್‌ಗಳು. ಒಂದೊಂದು ಗಾಜಿನ ಬುರುಡೆಯೊಳಗೂ ಎರಡೆರಡು ಟ್ರಯೋಡ್‌ಗಳಿದ್ದು, ಒಂದು ಹಿಗ್ಗಿಸಿದ್ದನ್ನು ಮುಂದಿನದು ಮತ್ತೆ ಹಿಗ್ಗಿಸುತ್ತ ಹೋಗುತ್ತದೆ. ಎಷ್ಟು ಸಂಕೇತವನ್ನು ಮುಂದಕ್ಕೆ ಬಿಡಬೇಕೆಂದು ಈ ಹಂತದಲ್ಲಿ ನಿರ್ಧರಿಸುವ ನಾಬ್ ಗೇನ್. ಮುಂದಿನ ಟ್ಯೂಬ್ ತಾಳಲಾರದಷ್ಟು ಸಂಕೇತ ಬಂದಾಗ ಅಲೆಯ ಶಿಖರಗಳು ಕತ್ತರಿಸಿಹೋಗುತ್ತವೆ, ಹೊಸ ಉಪಸ್ವರಗಳು, ಅಂದರೆ ಮೂಲಸ್ವರದ ಜೊತೆ ನುಡಿಯುವ ಮೇಲಿನ ಸ್ವರಗಳು, ಹುಟ್ಟುತ್ತವೆ. ನಾವು ಡಿಸ್ಟಾರ್ಷನ್ ಎನ್ನುವುದು ಇದನ್ನೇ. ಮಾಸ್ಟರ್ ಇರುವುದು ಈ ಹಂತಗಳೆಲ್ಲ ಮುಗಿದ ಮೇಲೆ. ಹೀಗೆ ತಯಾರಾದ ನಾದದಲ್ಲಿ ಎಷ್ಟು ಪಾಲು ಇಎಲ್34 ಎಂಬ ದೊಡ್ಡ ಪವರ್ ಟ್ಯೂಬ್‌ಗಳಿಗೆ, ಅಲ್ಲಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಮತ್ತು ಸ್ಪೀಕರ್‌ಗೆ ತಲುಪಬೇಕು ಎಂಬುದನ್ನು ಅದು ನೋಡಿಕೊಳ್ಳುತ್ತದೆ.

ಧಾರವಾಡ ಸೀಮೆಯವರಿಗೆ ಇದನ್ನು ತಂಬೂರಿಯ ಮೂಲಕ ತಿಳಿಸುವುದು ಸುಲಭ. ತಂತಿಗಳನ್ನು ಹೊರುವ ಕುದುರೆಯ (ಬ್ರಿಜ್) ಮೇಲೆ ತಂತಿಯ ಕೆಳಗೆ ನೂಲಿನ ಎಳೆಯನ್ನು ಸರಿಸುತ್ತ ಹೋದಂತೆ, ತಂತಿ ಕುದುರೆಯನ್ನು ಸವರುವ ಒಂದು ನಿರ್ದಿಷ್ಟ ಜಾಗದಲ್ಲಿ ಜವಾರಿ, ಅಂದರೆ ತಂಬೂರಿಯ ಝೇಂಕಾರ, ತೆರೆದುಕೊಂಡು ಕೋಣೆಯೆಲ್ಲ ತುಂಬುತ್ತದೆ. ಆ ಜಾಗವನ್ನು ದಾಟಿದರೆ ಉಳಿಯುವುದು ಕರಕರ ಸದ್ದು, ಷಡ್ಜ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಗೇನ್ ನಾಬ್‌ಗೂ ಅಂಥದೇ ಒಂದು ಜಾಗವಿದೆ, ಮತ್ತು ನನ್ನ ಅನುಭವದಲ್ಲಿ ನಿಮ್ಮಂಥ ಆಂಪ್ಲಿಫೈಯರ್‌ಗಳಲ್ಲಿ ಅದು 10ರ ಹತ್ತಿರ ಎಂದೂ ಇರುವುದಿಲ್ಲ, 4 ಮತ್ತು 6ರ ನಡುವೆ ಇರುತ್ತದೆ.

ತಂಬೂರಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹೆವಿ ಟೋನ್‌ನ ಗುಟ್ಟು ಬಹುಪಾಲು ಇದರಲ್ಲೇ ಇದೆ. ಹೆವಿ ಸಂಗೀತದಲ್ಲಿ ನೀವು ಹೆಚ್ಚಾಗಿ ನುಡಿಸುವ ಪವರ್ ಕಾರ್ಡ್ ಎಂದರೆ ಷಡ್ಜ ಮತ್ತು ಪಂಚಮ, ಎರಡೇ ಸ್ವರ. ಡಿಸ್ಟಾರ್ಷನ್‌ಗೆ ಒಳಗಾದ ಎರಡು ಸ್ವರಗಳು ತಮ್ಮ ಕಂಪನಾಂಕಗಳ ವ್ಯತ್ಯಾಸದಷ್ಟು ಕಂಪನಾಂಕವುಳ್ಳ ಮೂರನೆಯ ಸ್ವರವನ್ನೂ ಹುಟ್ಟಿಸುತ್ತವೆ. ಗಿಟಾರ್‌ನ ದಪ್ಪ ತಂತಿ 82 ಹರ್ಟ್ಜ್, ಅದರ ಪಂಚಮ 123 ಹರ್ಟ್ಜ್. ವ್ಯತ್ಯಾಸ 41 ಹರ್ಟ್ಜ್, ಅಂದರೆ ನೀವು ನುಡಿಸಿದ ಷಡ್ಜಕ್ಕಿಂತ ಸರಿಯಾಗಿ ಒಂದು ಸಪ್ತಕ ಕೆಳಗಿನ ಖರ್ಜ. ನೀವು ನುಡಿಸದೇ ಇದ್ದ ಖರ್ಜವೊಂದು ಹೀಗೆ ತಾನಾಗಿ ಬಂದು ನಾದಕ್ಕೆ ತೂಕ ಕೊಡುತ್ತದೆ. ಆದರೆ ಗೇನ್ ವಿಪರೀತವಾದಾಗ ಇಂಥ ವ್ಯತ್ಯಾಸದ ಸ್ವರಗಳು ಮೂಲಸ್ವರಗಳಿಂದ ಮಾತ್ರವಲ್ಲದೆ ಉಪಸ್ವರಗಳ ಒಂದೊಂದು ಜೋಡಿಯಿಂದಲೂ ಹುಟ್ಟಿ, ಒಂದರ ಮೇಲೊಂದು ಬಿದ್ದು ಎಲ್ಲವೂ ಕೆಸರಾಗುತ್ತದೆ. ಗಾಂಧಾರವನ್ನು ಸೇರಿಸಿದರಂತೂ ಸ್ವರವೇ ತಿಳಿಯದಂತಾಗುತ್ತದೆ.

ಅತಿಯಾದ ಗೇನ್ ಇನ್ನೊಂದು ಹಾನಿಯನ್ನೂ ಮಾಡುತ್ತದೆ. ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಶಿಖರಗಳು ಒಂದೇ ಎತ್ತರದಲ್ಲಿ ಕತ್ತರಿಸಿಹೋಗುವುದರಿಂದ ಮೀಟಿನ ಪೆಟ್ಟು ಅಳಿಸಿಹೋಗುತ್ತದೆ. ಡ್ರಮ್‌ಗಳ ನಡುವೆ ಗಿಟಾರ್ ಕೇಳಿಸುವುದು ಆ ಪೆಟ್ಟಿನಿಂದಲೇ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಅದರ ಕೊರತೆ ಗೊತ್ತಾಗುವುದಿಲ್ಲ. ಬ್ಯಾಂಡ್‌ನ ಜೊತೆ ನಿಂತಾಗ ಗೊತ್ತಾಗುತ್ತದೆ.

ಈಗ ಬೇಸ್ ಮತ್ತು ಮಿಡ್ ವಿಷಯ. ಸದ್ದು ಕಡಿಮೆ ಇದ್ದಾಗ ಮನುಷ್ಯನ ಕಿವಿಗೆ ತಗ್ಗಿನ ಸ್ವರಗಳು ಮಂದವಾಗಿ ಕೇಳಿಸುತ್ತವೆ, ಸದ್ದು ಏರಿದಂತೆ ಅವು ಬಹಳ ಬೇಗ ಬಲಗೊಳ್ಳುತ್ತವೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು ಅಳೆದು ವಕ್ರರೇಖೆಗಳಲ್ಲಿ ಬರೆದಿಟ್ಟರು. ನಿಮ್ಮ ಬೇಸ್ 9, ಮಿಡ್ 1 ಎಂಬ ಅಳತೆ ಹುಟ್ಟಿದ್ದು ವಿದ್ಯಾನಗರದ ಕೋಣೆಯಲ್ಲಿ, ಸಣ್ಣ ಸದ್ದಿನಲ್ಲಿ, ಕಿವಿಯ ಈ ಕೊರತೆಯನ್ನು ತುಂಬಿಕೊಳ್ಳಲು. ವೇದಿಕೆಯ ಸದ್ದಿನಲ್ಲಿ ಆ ಕೊರತೆ ಇಲ್ಲವಾದಾಗ ಅದೇ ಬೇಸ್ ಉಬ್ಬಿಕೊಂಡು, ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ಗಳು ಈಗಾಗಲೇ ತುಂಬಿರುವ ಜಾಗಕ್ಕೆ ಹೋಗಿ ಬಿತ್ತು. ಮೇಲಿನ ಟ್ರೆಬಲನ್ನು ಡ್ರಮ್‌ನ ಸಿಂಬಲ್‌ಗಳು ನುಂಗಿದವು. ಗಿಟಾರ್‌ಗೆ ತನ್ನದೇ ಆದ ಜಾಗವಿರುವುದು ಸುಮಾರು 400ರಿಂದ 2,000 ಹರ್ಟ್ಜ್‌ವರೆಗಿನ ಮಿಡ್‌ನಲ್ಲಿ. ಅದನ್ನು ನೀವೇ ಖಾಲಿ ಮಾಡಿದ್ದಿರಿ.

ಹೆವಿ ಗಿಟಾರ್ ನಾದ ಎಂದರೆ ಬೇಸ್ ಎಂಬ ನಂಬಿಕೆ ನಮ್ಮ ಹುಡುಗರಲ್ಲಿ ಬಹಳ ಗಟ್ಟಿಯಾಗಿದೆ. ಹೆವಿ ಮೆಟಲ್ ಸಂಗೀತಕ್ಕೆ ದಾರಿ ಹಾಕಿದವರಲ್ಲಿ ಮುಖ್ಯರಾದ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಟೋನಿ ಐಯೋಮಿ ತಮ್ಮ ಲೇನಿ ಆಂಪ್ಲಿಫೈಯರ್‌ನ ಮುಂದೆ ಇಟ್ಟುಕೊಂಡದ್ದು ಒಂದು ಟ್ರೆಬಲ್ ಬೂಸ್ಟರ್. ತಗ್ಗಿನ ಸ್ವರಗಳನ್ನು ಹಿಂದಿಟ್ಟು ಮೇಲಿನವನ್ನು ಮುಂದಕ್ಕೆ ತಳ್ಳುವ ಪೆಟ್ಟಿಗೆ ಅದು. ಟ್ಯೂಬ್‌ನ ಮೇಲೆ ಅತಿ ಹೆಚ್ಚು ಹೊರೆ ಹಾಕುವುದು ತಗ್ಗಿನ ಸ್ವರಗಳಾದ್ದರಿಂದ, ಡಿಸ್ಟಾರ್ಷನ್‌ಗೆ ಮುಂಚೆಯೇ ಅವನ್ನು ತೆಳುಗೊಳಿಸಿದರೆ ನಾದ ಬಿಗಿಯಾಗುತ್ತದೆ. ಬೇಕಾದಷ್ಟು ಬೇಸನ್ನು ಡಿಸ್ಟಾರ್ಷನ್ ಆದ ಮೇಲೆ ಸೇರಿಸಿಕೊಳ್ಳಬಹುದು. ಇವತ್ತಿನ ಮೆಟಲ್ ವಾದಕರು ಇದೇ ಕೆಲಸಕ್ಕೆ ಟ್ಯೂಬ್ ಸ್ಕ್ರೀಮರ್ ಮಾದರಿಯ ಹಸಿರು ಪೆಡಲನ್ನು (ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ) ಬಳಸುತ್ತಾರೆ. ಅದರ ಸರ್ಕಿಟ್ಟು 720 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳಿಗೆ ಕಡಿಮೆ ಬಲ ಕೊಡುತ್ತದೆ. ಅದರ ಡ್ರೈವನ್ನು (ಪೆಡಲಿನ ಸ್ವಂತ ಡಿಸ್ಟಾರ್ಷನ್) ಸೊನ್ನೆಯ ಹತ್ತಿರ, ಲೆವೆಲನ್ನು ಮುಕ್ಕಾಲಕ್ಕೆ ಇಟ್ಟು, ಆಂಪ್ಲಿಫೈಯರ್‌ನ ಗೇನನ್ನು 4ಕ್ಕೆ ಇಳಿಸಿ ಒಮ್ಮೆ ಕೇಳಿ ನೋಡಿ. ನನಗೆ ಇದಕ್ಕಿಂತ ಒಳ್ಳೆಯ ಉಪಾಯ ಗೊತ್ತಿಲ್ಲ.

ಇನ್ನು ಕೆಳಮನೆಯ ಅಜ್ಜನ ವಿಷಯ. ಗೇನ್ 10ರಲ್ಲಿ ಇರುವಾಗ ಮಾಸ್ಟರ್‌ಗೆ ಬಂದು ಸೇರುವ ಸಂಕೇತವೇ ಬಹಳ ದೊಡ್ಡದು. ಆದ್ದರಿಂದ ನಾಬ್‌ನ ಮೊದಲ ತಿರುವಿನಲ್ಲೇ ಸದ್ದು ನೆಗೆಯುತ್ತದೆ. ಗೇನ್ ಇಳಿಸಿದಾಗ ಈ ನೆಗೆತವೂ ಸ್ವಲ್ಪ ತಗ್ಗುತ್ತದೆ. ನಿಮ್ಮ ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ ಸೆಂಡ್, ರಿಟರ್ನ್ ಎಂಬ ಎರಡು ಸಾಕೆಟ್‌ಗಳ ಎಫೆಕ್ಟ್ಸ್ ಲೂಪ್ ಇದ್ದರೆ, ಅವೆರಡರ ನಡುವೆ ಒಂದು ವಾಲ್ಯೂಮ್ ಪೆಡಲನ್ನು ಜೋಡಿಸಿ. ಅದು ಎರಡನೆಯ ಮಾಸ್ಟರ್‌ನಂತೆ ಕೆಲಸ ಮಾಡುವುದರಿಂದ ಆಂಪ್ಲಿಫೈಯರ್‌ನ ಸ್ವಂತ ಮಾಸ್ಟರನ್ನು 3 ಅಥವಾ 4ರಲ್ಲಿ ಇಟ್ಟುಕೊಂಡು ಸದ್ದನ್ನು ಪೆಡಲಿನಿಂದ ನಯವಾಗಿ ಏರಿಳಿಸಬಹುದು. ಲೂಪ್ ಇಲ್ಲದಿದ್ದರೆ ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳ ನಡುವೆ ಅಟೆನ್ಯುಯೇಟರ್ ಹಾಕಬೇಕು. ಅದು ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಅದರ ಓಮ್ ಅಳತೆ ಮತ್ತು ವಾಟ್ ಸಾಮರ್ಥ್ಯ ಎರಡೂ ನಿಮ್ಮ ಆಂಪ್ಲಿಫೈಯರ್‌ಗೆ ಹೊಂದಬೇಕು.

ಸದ್ದು ಬೇಡವೆಂದು ಸ್ಪೀಕರ್ ವೈರನ್ನು ಕಿತ್ತು ಆಂಪ್ಲಿಫೈಯರನ್ನು ಮಾತ್ರ ಚಾಲೂ ಇಡುವ ಕೆಲಸವನ್ನು ಯಾವ ಕಾರಣಕ್ಕೂ ಮಾಡಬೇಡಿ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇದನ್ನು ತಾಳಿಕೊಂಡೀತು, ಟ್ಯೂಬ್ ಆಂಪ್ಲಿಫೈಯರ್ ತಾಳುವುದಿಲ್ಲ. ಹೊರೆಯಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಸುರುಳಿಯ ನಿರೋಧಕ ಪದರ ಸುಟ್ಟುಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಲೆಂದು ಹೀಗೆ ಮಾಡಿದ ಒಬ್ಬ ಹುಡುಗನ ಆಂಪ್ಲಿಫೈಯರ್ ನನ್ನ ಮೇಜಿನ ಮೇಲೆ ತಿಂಗಳುಗಟ್ಟಲೆ ಇತ್ತು. ಅದಕ್ಕೆ ಹೊಂದುವ ಟ್ರಾನ್ಸ್‌ಫಾರ್ಮರ್ ಸಿಗುವವರೆಗೆ ಆ ಹುಡುಗ ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದುದು ನನಗೆ ಇನ್ನೂ ನೋವಿನಿಂದ ನೆನಪಿದೆ.

ಮುಂದಿನ ಕಾರ್ಯಕ್ರಮದಲ್ಲಿ ಹೀಗೆ ಮಾಡಿ. ಬೇಸ್, ಮಿಡ್, ಟ್ರೆಬಲ್ ಮೂರನ್ನೂ 5ಕ್ಕೆ, ಗೇನನ್ನು 3ಕ್ಕೆ ತಂದು ಮಾಸ್ಟರನ್ನು ಡ್ರಮ್‌ಗೆ ಸರಿಸಮವಾಗುವಷ್ಟು ಏರಿಸಿ. ಆಮೇಲೆ ಗೇನನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಬಂದು, ಮೀಟಿನ ಪೆಟ್ಟು ಮಸುಕಾಗತೊಡಗಿದ ಕೂಡಲೇ ನಿಲ್ಲಿಸಿ ಒಂದು ಗೆರೆ ಹಿಂದಕ್ಕೆ ಬನ್ನಿ. ನಂತರವೇ ಮಿಡ್ ಅನ್ನು 6 ಅಥವಾ 7ಕ್ಕೆ ಏರಿಸಿ, ಬೇಸ್ ಗಿಟಾರ್ ವಾದಕರನ್ನೂ ಜೊತೆಗೆ ನುಡಿಸಲು ಹೇಳಿ, ಅವರ ಸ್ವರ ಸ್ಪಷ್ಟವಾಗುವವರೆಗೆ ನಿಮ್ಮ ಬೇಸ್ ಇಳಿಸಿ. ಬೇಸ್, ಮಿಡ್, ಟ್ರೆಬಲ್ ಮೂರು ನಾಬ್‌ಗಳೂ ಒಂದರ ಮೇಲೊಂದು ಪ್ರಭಾವ ಬೀರುತ್ತವೆ, ಹಾಗಾಗಿ ಒಂದನ್ನು ಸರಿಸಿದ ಮೇಲೆ ಉಳಿದೆರಡನ್ನೂ ಮತ್ತೊಮ್ಮೆ ಕೇಳಿ ನೋಡಬೇಕು. ಒಬ್ಬರೇ ನುಡಿಸಿದಾಗ ಈ ನಾದ ನಿಮಗೆ ತುಸು ತೆಳು ಎನ್ನಿಸಬಹುದು. ಹೆದರಬೇಡಿ, ಬೇಸ್ ಗಿಟಾರ್ ಕೂಡಿದಾಗ ಅದರ ತಗ್ಗು ನಿಮ್ಮ ನಾದಕ್ಕೂ ಸೇರಿ ಎರಡೂ ಒಂದೇ ವಾದ್ಯದಂತೆ ಕೇಳಿಸುತ್ತವೆ.

ಕ್ಯಾಬಿನೆಟ್ ನೆಲದ ಮೇಲಿದ್ದರೆ ಸ್ಪೀಕರ್ ನಿಮ್ಮ ಮೊಣಕಾಲಿಗೆ ನುಡಿಯುತ್ತದೆ. 12 ಇಂಚಿನ ಸ್ಪೀಕರ್‌ನಿಂದ ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುವುದರಿಂದ, ನಿಮಗೆ ಮಂದವೆನಿಸಿ ನೀವು ಏರಿಸಿದ ಟ್ರೆಬಲ್ ಮುಂದಿನ ಸಾಲಿನವರ ಕಿವಿಯನ್ನು ಸೀಳುತ್ತದೆ. ಕ್ಯಾಬಿನೆಟನ್ನು ಒಂದು ಗಟ್ಟಿ ಬೆಂಚಿನ ಮೇಲಿಟ್ಟು, ಸ್ಪೀಕರ್‌ನ ಎತ್ತರಕ್ಕೆ ಕಿವಿ ತಂದು ನಾದವನ್ನು ಹೊಂದಿಸಿ. ಗೋಡೆಯ ಮೂಲೆಯಲ್ಲಿ ಇಟ್ಟರೆ ಬೇಸ್ ಉಬ್ಬುತ್ತದೆ, ಅದನ್ನೂ ಗಮನಿಸಿ.

ಪ್ರಶ್ನೆ: ನಾನು ಧಾರವಾಡದ ಮಾಳಮಡ್ಡಿಯವನು. ನನ್ನ ಟ್ಯೂಬ್ ಆಂಪ್ಲಿಫೈಯರ್‌ನಲ್ಲಿ ಗೇನ್ 2 ದಾಟಿದ ಕೂಡಲೇ ನಾದ ಒಡೆಯುತ್ತದೆ. 12ಎಎಕ್ಸ್7 ಬದಲು ಬೇರೆ ಟ್ಯೂಬ್ ಹಾಕಬಹುದೇ?

ಉತ್ತರ: ಹಾಕಬಹುದು, ಮತ್ತು ನಿಮ್ಮ ತೊಂದರೆಗೆ ಅದು ಒಳ್ಳೆಯ ಪರಿಹಾರವೇ. 12ಎಎಕ್ಸ್7ರ ವರ್ಧನಾಂಕ, ಅಂದರೆ ಸಂಕೇತವನ್ನು ಹಿಗ್ಗಿಸುವ ಬಲದ ಅಳತೆ, 100. 5751 ಎಂಬ ಟ್ಯೂಬಿನದು 70. ಎರಡರ ಕಾಲುಗಳ ಜೋಡಣೆ ಒಂದೇ ಆಗಿರುವುದರಿಂದ ಒಂದನ್ನು ಕಿತ್ತು ಇನ್ನೊಂದನ್ನು ಹಾಕಿದರೆ ಸಾಕು. ಇನ್‌ಪುಟ್ ಸಾಕೆಟ್‌ಗೆ ಹತ್ತಿರವಿರುವ ಮೊದಲ ಟ್ಯೂಬನ್ನು ಮಾತ್ರ ಬದಲಿಸಿ, ಅದರ ಪರಿಣಾಮವೇ ಎಲ್ಲಕ್ಕಿಂತ ಹೆಚ್ಚು. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಗಾಜು ಪೂರ್ತಿ ತಣ್ಣಗಾದ ಮೇಲೆ ಕೈ ಹಾಕಿ. ದೊಡ್ಡ ಪವರ್ ಟ್ಯೂಬ್‌ಗಳನ್ನು ಹೀಗೆ ನೀವೇ ಬದಲಿಸಬೇಡಿ. ಅವುಗಳ ಬಯಾಸ್, ಅಂದರೆ ಸುಮ್ಮನಿರುವಾಗ ಟ್ಯೂಬ್‌ನಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ, ಸರಿಪಡಿಸಲು ಅನೇಕ ಆಂಪ್ಲಿಫೈಯರ್‌ಗಳಲ್ಲಿ ಚಾಸಿಯನ್ನು (ಒಳಗಿನ ಲೋಹದ ಚೌಕಟ್ಟು) ತೆರೆಯಬೇಕಾಗುತ್ತದೆ, ಮತ್ತು ಅದರೊಳಗಿನ ಕೆಪಾಸಿಟರ್‌ಗಳು ಪ್ಲಗ್ ತೆಗೆದ ಮೇಲೂ 400 ವೋಲ್ಟ್‌ಗಿಂತ ಹೆಚ್ಚನ್ನು ಹಿಡಿದಿಟ್ಟುಕೊಂಡಿರಬಲ್ಲವು. ವಾಲ್ವ್ ರೇಡಿಯೊ ರಿಪೇರಿ ಮಾಡಿ ಪಳಗಿದ ಹಿರಿಯರು ಯಾರಾದರೂ ನಿಮ್ಮ ಕಡೆ ಇದ್ದರೆ ಅವರ ಬಳಿಗೆ ಒಯ್ಯಿರಿ. ಈ ವೋಲ್ಟೇಜಿನ ಭಯ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಗದಗದಿಂದ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ಅಣ್ಣ ಅಲ್ಲಿಂದ 50 ವಾಟ್‌ನ ಟ್ಯೂಬ್ ಆಂಪ್ಲಿಫೈಯರ್ ತಂದುಕೊಟ್ಟಿದ್ದಾರೆ. ನಮ್ಮ ಕರೆಂಟಿನಲ್ಲಿ ಬಳಸುವುದು ಹೇಗೆ? ವೋಲ್ಟೇಜ್ ಬಿದ್ದಾಗ ನಾದ ಮೆತ್ತಗಾಗುತ್ತದೆಯೇ?

ಉತ್ತರ: ಹಿಂಬದಿಯ ತಗಡಿನ ಮೇಲೆ ಬರೆದಿರುವುದನ್ನು ಮೊದಲು ಓದಿ. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟ್‌ಗೆ ನೇರವಾಗಿ ಹಾಕುವಂತಿಲ್ಲ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 50 ವಾಟ್ ಎಂಬುದು ಸ್ಪೀಕರ್‌ಗೆ ಹೋಗುವ ಶಕ್ತಿ. ಟ್ಯೂಬ್ ಕಾಯಿಸಲು ಬೇಕಾದದ್ದನ್ನೂ ಸೇರಿಸಿದರೆ ಗೋಡೆಯಿಂದ ಎಳೆಯುವುದು ಅದರ ಮೂರು ನಾಲ್ಕು ಪಟ್ಟಾಗಬಹುದು, ಆದ್ದರಿಂದ 500 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದನ್ನು ಕೊಳ್ಳಿ. ವೋಲ್ಟೇಜ್ ಬದಲಿಸುವ ಸ್ವಿಚ್ ಆಂಪ್ಲಿಫೈಯರ್‌ನಲ್ಲೇ ಇದ್ದರೆ ಇನ್ನೂ ಒಳ್ಳೆಯದು, ಆಗ ಫ್ಯೂಸನ್ನೂ 230 ವೋಲ್ಟ್‌ಗೆ ನಮೂದಿಸಿರುವ ಅಳತೆಗೆ ಬದಲಿಸಿ. ಅಲ್ಲಿನ ಕರೆಂಟು 60 ಹರ್ಟ್ಜ್, ನಮ್ಮದು 50. ತಗಡಿನ ಮೇಲೆ 60 ಎಂದು ಮಾತ್ರ ಇದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಕಾಯುತ್ತದೆ. ಮೊದಲ ದಿನ ಅರ್ಧ ಗಂಟೆಗೊಮ್ಮೆ ಆಂಪ್ಲಿಫೈಯರನ್ನು ಹೊರಗಿನಿಂದಲೇ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿಬಿಡಿ.

ವೋಲ್ಟೇಜ್ ಬಿದ್ದಾಗ ನಾದ ಮೆತ್ತಗಾಗುವುದು ಸಹಜ, ಏಕೆಂದರೆ ಟ್ಯೂಬ್‌ಗಳಿಗೆ ಸಿಗುವ ವೋಲ್ಟೇಜ್ ಕೂಡ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನಿಮ್ಮಲ್ಲಿ ಏರಿಳಿತ ಹೆಚ್ಚಿದ್ದರೆ ಟ್ರಾನ್ಸ್‌ಫಾರ್ಮರ್‌ಗೆ ಮುಂಚೆ ಒಂದು ಸ್ಟೆಬಿಲೈಸರ್ ಇಡಿ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಸ್ಟೆಪ್ ಡೌನ್ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಎರಡೇ ಪಿನ್ ಇರುತ್ತವೆ, ಅರ್ಥಿಂಗ್ ಒಳಗೇ ಕಡಿದುಹೋಗಿರುತ್ತದೆ. ಗಿಟಾರ್‌ನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರ್‌ನ ಲೋಹದ ಚಾಸಿಗೆ ಸೇರಿರುತ್ತವೆ, ಆದ್ದರಿಂದ ಅರ್ಥಿಂಗ್ ಇಲ್ಲದೆ ಒಳಗೆ ಏನಾದರೂ ಕೆಟ್ಟರೆ ಕರೆಂಟು ಬರುವುದು ನಿಮ್ಮ ಬೆರಳಿಗೆ. ಮೂರು ಪಿನ್‌ನ ಪೆಟ್ಟಿಗೆಯನ್ನೇ ಕೇಳಿ ತೆಗೆದುಕೊಳ್ಳಿ, ಮತ್ತು ಮನೆಯ ಆ ಸಾಕೆಟ್‌ಗೆ ಅರ್ಥಿಂಗ್ ನಿಜವಾಗಿಯೂ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷಿಸಿದ ನಂತರವೇ ಗಿಟಾರ್ ಕೇಬಲ್ ಚುಚ್ಚಿ.