ರಾತ್ರಿ ಎರಡರವರೆಗೆ ಮಗು ಅಪ್ಪನದು

ಚಿಕ್ಕಮಗಳೂರಿನ ಶಿಕ್ಷಕಿಯೊಬ್ಬರ ಪತ್ರಕ್ಕಾಗಿ ಈ ವಾರ ಉಳಿದ ಪತ್ರಗಳನ್ನೆಲ್ಲ ಬದಿಗಿಟ್ಟಿದ್ದೇನೆ. ಬೇಲೂರಿನ ತವರಿನಲ್ಲಿ ಮೂರು ತಿಂಗಳ ಬಾಣಂತನ ಮುಗಿಸಿ ಅವರು ಗಂಡನ ಮನೆಗೆ ಮರಳಿ ಎರಡು ವಾರವಾಗಿದೆ. ಮಗು ರಾತ್ರಿ ಮೂರು ನಾಲ್ಕು ಸಲ ಏಳುತ್ತದೆ. ಪತಿ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಸುಗ್ಗಿಯ ಕಾಲವೆಂದು ಮಹಡಿಯ ಕೋಣೆಯಲ್ಲಿ ಮಲಗುತ್ತಾರೆ. ದುಡಿದು ಬಂದವರನ್ನು ಎಬ್ಬಿಸುವುದು ನ್ಯಾಯವೇ ಎಂಬುದು ಅವರ ಪ್ರಶ್ನೆ.

ತಾಯಿ, ನ್ಯಾಯದ ಮಾತು ಆಮೇಲಿರಲಿ. ಪತ್ರದ ನಡುವೆ ನೀವು ತಮಾಷೆಯೆಂಬಂತೆ ಒಂದು ಸಾಲು ಬರೆದಿದ್ದೀರಿ: ಹಾಲೂಡಿಸುತ್ತ ಸೋಫಾದ ಮೇಲೆಯೇ ನಿದ್ದೆ ಹತ್ತಿತ್ತು, ಎಚ್ಚರವಾದಾಗ ಮಗು ನಿಮ್ಮ ತೋಳಿಗೂ ಸೋಫಾದ ಮೆತ್ತೆಗೂ ನಡುವೆ ಜಾರಿತ್ತು. ಇದು ನಗುವ ವಿಷಯವಲ್ಲ. ಹಸುಗೂಸಿನೊಂದಿಗೆ ದೊಡ್ಡವರು ನಿದ್ದೆ ಹೋಗಬಾರದ ಜಾಗಗಳಲ್ಲಿ ಸೋಫಾವೇ ಮೊದಲನೆಯದು, ಏಕೆಂದರೆ ಮೆತ್ತೆಯ ಸಂದಿಯಲ್ಲಿ ಮೂಗು ಮುಚ್ಚಿಹೋದರೆ ಮೂರು ತಿಂಗಳ ಮಗು ತಾನಾಗಿ ಮುಖ ತಿರುಗಿಸಿಕೊಳ್ಳಲಾರದೆ ಹೋಗಬಹುದು, ಅಳಲೂ ಆಗದೆ ಹೋಗಬಹುದು. ಕಣ್ಣು ಎಳೆಯುತ್ತಿದ್ದರೆ ದಿಂಬು, ರಜಾಯಿಗಳನ್ನು ದೂರವಿಟ್ಟು ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಹಾಲೂಡಿಸುವುದು ಸೋಫಾಕ್ಕಿಂತ ಮೇಲು. ಹಾಲು ಕುಡಿದ ಮಗುವನ್ನು ಅದರದೇ ಜಾಗದಲ್ಲಿ ಬೆನ್ನ ಮೇಲೆ ಮಲಗಿಸಬೇಕು. ನಿಮ್ಮೂರಿನ ಚಳಿಗೆ ಮಗುವಿನ ಮೇಲೆ ಕಂಬಳಿ ಹೇರುವ ಬದಲು ಮೈಗೆ ಒಂದು ಪದರ ಬಟ್ಟೆ ಹೆಚ್ಚು ತೊಡಿಸಿ.

ಇಷ್ಟು ದಣಿಯಲು ಕಾರಣ ಮಗುವಲ್ಲ. ಪತಿಯ ಮೇಲೂ ನನಗೆ ಪೂರ್ತಿ ಸಿಟ್ಟಿಲ್ಲ. ಸಿಟ್ಟಿರುವುದು ನಿಮ್ಮ ತಾಯಿಯ ಮೇಲೆ. ಎಣ್ಣೆಸ್ನಾನ, ಸಾಂಬ್ರಾಣಿ, ಪಥ್ಯ ಯಾವುದನ್ನೂ ತಪ್ಪಿಸದೆ ಬಾಣಂತನ ಮಾಡಿದ ಅವರ ಶ್ರಮ ದೊಡ್ಡದೇ. ಆದರೆ ಅಳಿಯ ಭಾನುವಾರಗಳಲ್ಲಿ ಬಂದು ಮಗುವನ್ನು ಎತ್ತಿಕೊಂಡಾಗಲೆಲ್ಲ, 'ನಿಮಗೆ ಅಭ್ಯಾಸವಿಲ್ಲ, ಇಲ್ಲಿ ಕೊಡಿ' ಎಂದು ಕಸಿದು, ಅವರ ಕೈಗೆ ಕಾಫಿ ಲೋಟ ಕೊಟ್ಟವರು ಅವರೇ ಎಂದು ನೀವೇ ಬರೆದಿದ್ದೀರಿ. ಅಭ್ಯಾಸವಾಗುವುದಾದರೂ ಹೇಗೆ? ತವರಿನ ಬಾಣಂತನ ಹೆಣ್ಣಿಗೆ ಆಸರೆ, ಗಂಡಿಗೆ ಅತಿಥಿಯಾಗುವ ತರಬೇತಿ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದು ಬೈಸಿಕೊಂಡಿದ್ದೇನೆ. ಕಾನೂನೂ ಇದಕ್ಕೆ ತಕ್ಕಂತಿದೆ: ಕೇಂದ್ರ ಸರ್ಕಾರಿ ನೌಕರನಿಗೆ 15 ದಿನಗಳ ಪಿತೃತ್ವ ರಜೆಯಾದರೂ ಉಂಟು, ನಿಮ್ಮ ಪತಿಯಂಥ ಖಾಸಗಿ ನೌಕರನಿಗೆ ಅಂಥದೊಂದು ಶಾಸನಬದ್ಧ ಹಕ್ಕು ಇಲ್ಲ.

ಪಾಳಿಯ ಲೆಕ್ಕ, ವಾರದ ಪಟ್ಟಿ ಯಾವುದೂ ಬೇಡ. ಮಾಡಬೇಕಾದದ್ದು ಒಂದೇ: ಒಂಬತ್ತೂವರೆಗೆ ಹಾಲೂಡಿಸಿ ಮಹಡಿಯ ಕೋಣೆಗೆ ಹೋಗಿ ನೀವು ಮಲಗಿ, ಅವರು ಕೆಳಗೆ ಮಗುವಿನ ಕೋಣೆಗೆ ಬರಲಿ. ಎರಡು ಗಂಟೆಯವರೆಗೆ ಮಗು ಅವರದು. ಆಮೇಲೆ ಬೆಳಗಿನವರೆಗೆ ಅವರು ನಿದ್ದೆ ಮಾಡಿದರೆ ಕಾರ್ಖಾನೆಗೇನೂ ನಷ್ಟವಿಲ್ಲ. ತುಂಡು ತುಂಡಾಗಿ ಎಂಟು ಗಂಟೆ ಮಲಗುವುದಕ್ಕಿಂತ ಒಂದೇ ಸಮನೆ ನಾಲ್ಕೂವರೆ ಗಂಟೆ ಮಲಗಿದವರ ಕೈಯಲ್ಲಿ ಮಗು ಭದ್ರ ಎಂಬುದು ನನ್ನ ಹಳೆಯ ಹಟ. ನಡುವಿನ ಹಸಿವಿಗೆ, ಶುಭ್ರವಾಗಿ ಹಿಂಡಿಟ್ಟ ಎದೆಹಾಲು 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಾದರೆ ನಾಲ್ಕು ದಿನ ಕೆಡುವುದಿಲ್ಲ. ಅದನ್ನು ಕುದಿಸದೆ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗಾಗಿಸಿ ಒಳಲೆಯಲ್ಲಿ ಕುಡಿಸಬಹುದು. ಸುಗ್ಗಿಯ ಲೆಕ್ಕ ನೋಡಿಕೊಳ್ಳುವ ಮನುಷ್ಯನಿಗೆ ಒಳಲೆ ಹಿಡಿಯುವುದು ಬ್ರಹ್ಮವಿದ್ಯೆಯೇನಲ್ಲ. ಅಷ್ಟಾದ ಮೇಲೂ ಮಹಡಿಯ ನಿಶ್ಶಬ್ದದಲ್ಲಿ ನಿಮಗೆ ನಿದ್ದೆಯೇ ಬಾರದೆ, ಮನಸ್ಸು ಕುಗ್ಗುತ್ತಲೇ ಹೋದರೆ ಅದನ್ನು ವೈದ್ಯರಿಗೆ ಹೇಳಿ, ನನಗಲ್ಲ.

ಮೊದಲ ರಾತ್ರಿಗಳಲ್ಲಿ ಮಗು ಹೊಸ ಕೈಗೆ ಜೋರಾಗಿಯೇ ಅಳುತ್ತದೆ. ಅವರಾಗಿ ಕರೆಯುವವರೆಗೆ ನೀವು ಮೆಟ್ಟಿಲು ಇಳಿಯಕೂಡದು. ಆ ವಾರ ನಿಮ್ಮ ತಾಯಿ ಬೇಲೂರಿನಿಂದ ಬರಲೂ ಕೂಡದು.